52ರಲ್ಲಿ 27 ಕಳೆದರೆ 35 ಎಂದು ಬರೆಯುವ ಮಕ್ಕಳಿಗೆ ಹೇಗೆ ಕಲಿಸಬೇಕು?

ಪ್ರಶ್ನೆ: ಮೂರನೇ ತರಗತಿ ಶಿಕ್ಷಕಿ

ನಾನು ಮೂರನೇ ತರಗತಿಗೆ ಗಣಿತ ಕಲಿಸುತ್ತೇನೆ. ತರಗತಿಯಲ್ಲಿ 28 ಮಕ್ಕಳಿದ್ದಾರೆ. ದಶಕ ರಹಿತವಾಗಿ ಕಳೆಯುವ ಲೆಕ್ಕಗಳನ್ನು, ಎಂದರೆ 58ರಲ್ಲಿ 23 ಕಳೆಯುವಂಥವನ್ನು, ಹೆಚ್ಚುಕಡಿಮೆ ಎಲ್ಲರೂ ಸರಿಯಾಗಿ ಮಾಡುತ್ತಾರೆ. ಮೇಲಿನ ಬಿಡಿ ಅಂಕಿ ಕೆಳಗಿನದಕ್ಕಿಂತ ಚಿಕ್ಕದಾದ ಕೂಡಲೇ ತೊಡಕು ಆರಂಭವಾಗುತ್ತದೆ. ಕಳೆದ ವಾರದ ಕಿರುಪರೀಕ್ಷೆಯಲ್ಲಿ 52 − 27 ಕೊಟ್ಟಿದ್ದೆ. 11 ಮಕ್ಕಳು 35 ಎಂದು ಬರೆದಿದ್ದಾರೆ. ಕಲಿಕೆಯಲ್ಲಿ ಹಿಂದೆ ಎಂದು ನಾವು ಸಾಮಾನ್ಯವಾಗಿ ಗುರುತಿಸುವ ಮಕ್ಕಳು ಮಾತ್ರ ಇವರಲ್ಲಿ ಇದ್ದಿದ್ದರೆ ನಾನು ಇಷ್ಟು ಯೋಚಿಸುತ್ತಿರಲಿಲ್ಲವೇನೋ. ಮಗ್ಗಿಯನ್ನು ತಡವರಿಸದೆ ಹೇಳುವ, ಕೂಡುವ ಲೆಕ್ಕದಲ್ಲಿ ಎಂದೂ ಎಡವದ ಮೂವರೂ ಈ ಹನ್ನೊಂದರಲ್ಲಿ ಸೇರಿದ್ದಾರೆ.

ನಾನು ಕಲಿಸಿದ ಕ್ರಮ ಎಲ್ಲರೂ ಬಲ್ಲದ್ದೇ. "ಎರಡರಲ್ಲಿ ಏಳು ಹೋಗುವುದಿಲ್ಲ, ಆದ್ದರಿಂದ ಪಕ್ಕದ ಮನೆಯ ಐದರಿಂದ ಒಂದು ಸಾಲ ತೆಗೆದುಕೊಳ್ಳಬೇಕು, ಐದು ನಾಲ್ಕಾಗುತ್ತದೆ, ಎರಡು ಹನ್ನೆರಡಾಗುತ್ತದೆ" ಎಂದು ಹಲಗೆಯ ಮೇಲೆ ಹತ್ತಾರು ಲೆಕ್ಕಗಳನ್ನು ಬಿಡಿಸಿ ತೋರಿಸಿದ್ದೇನೆ. ನಾನು ಹಲಗೆಯ ಬಳಿ ನಿಂತಿರುವಷ್ಟು ಹೊತ್ತು ಇಡೀ ತರಗತಿ ಒಕ್ಕೊರಲಿನಿಂದ ಸರಿಯಾಗಿಯೇ ಹೇಳುತ್ತದೆ. ಎರಡು ವಾರ ಬಿಟ್ಟು, ಕೂಡುವ ಲೆಕ್ಕಗಳನ್ನೂ ಕಳೆಯುವ ಲೆಕ್ಕಗಳನ್ನೂ ಬೆರೆಸಿ ಕೊಟ್ಟರೆ ಮತ್ತೆ ಅದೇ 35. ಪ್ರತಿ ಸಲವೂ ಅದೇ ಪಾಠವನ್ನು ಇನ್ನಷ್ಟು ನಿಧಾನವಾಗಿ, ಇನ್ನಷ್ಟು ಗಟ್ಟಿಯಾಗಿ ಹೇಳುವುದರ ಹೊರತು ನಾನು ಬೇರೇನನ್ನೂ ಮಾಡುತ್ತಿಲ್ಲ ಎಂಬುದು ನನಗೇ ತಿಳಿಯುತ್ತಿದೆ.

ಕೆಲವೇ ವಾರಗಳಲ್ಲಿ ಮೂರಂಕಿಯ ಲೆಕ್ಕಗಳಿಗೆ ಹೋಗಬೇಕು; 503 − 278ರಂತಹ, ನಡುವೆ ಸೊನ್ನೆ ಇರುವ ಲೆಕ್ಕಗಳನ್ನು ನೆನೆದರೇ ಭಯವಾಗುತ್ತದೆ. ಇನ್ನೂ ಹೆಚ್ಚು ಅಭ್ಯಾಸ ಕೊಡಬೇಕೇ, ಕಡ್ಡಿ ಕಟ್ಟುಗಳಿಗೆ ಹಿಂದಿರುಗಬೇಕೇ, ಅಥವಾ ಈ ಕ್ರಮವನ್ನೇ ಬಿಟ್ಟು ಬೇರೊಂದನ್ನು ಹಿಡಿಯಬೇಕೇ? ಸ್ವತಃ ತರಗತಿಯಲ್ಲಿ ಮಾಡಿ ನೋಡಿದವರು ಉತ್ತರಿಸಿದರೆ ಉಪಕಾರವಾಗುತ್ತದೆ.


ಉತ್ತರ: ಹಳೆಯ ಮೇಷ್ಟ್ರು

ಮೇಡಂ, ನೀವು ಹೇಳಿಕೊಡುವ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮೂವತ್ತು ವರ್ಷ ನಾನೂ ಅದೇ ಮಾತುಗಳನ್ನು ಹೇಳಿದವನು. ಒಂದನೇ ತರಗತಿಯಲ್ಲಿ ನಾವು ಮಕ್ಕಳಿಗೆ "ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು" ಎಂದು ಹೇಳಿರುತ್ತೇವೆ. ನಾವು ಹೇಳಿದ್ದು ಸಂಖ್ಯೆಗಳ ಬಗ್ಗೆ. ಮಗು ಕೇಳಿಸಿಕೊಂಡದ್ದು ಅಂಕಿಗಳ ಬಗ್ಗೆ. ಎರಡು ವರ್ಷಗಳ ನಂತರ 52ರ ಕೆಳಗೆ 27 ಬರೆದಾಗ ಮಗು ಬಲಗಡೆಯ ಸಾಲಿನಲ್ಲಿ 2 ಮತ್ತು 7ನ್ನು ನೋಡಿ, ದೊಡ್ಡದಾದ 7ರಲ್ಲಿ ಚಿಕ್ಕದಾದ 2ನ್ನು ಕಳೆದು 5 ಬರೆಯುತ್ತದೆ. ಅದು ನಮ್ಮ ಮಾತನ್ನು ಮೀರಿಲ್ಲ, ಚಾಚೂ ತಪ್ಪದೆ ಪಾಲಿಸಿದೆ. "ಎರಡರಲ್ಲಿ ಏಳು ಹೋಗುವುದಿಲ್ಲ" ಎಂಬ ಮಾತೂ ಅಷ್ಟೇ: ಮುಂದೆ ಋಣ ಸಂಖ್ಯೆಗಳು ಬಂದಾಗ ಹೋಗುತ್ತದೆ ಎಂದು ನಾವೇ ಹೇಳಬೇಕಾಗುತ್ತದೆ. "ಎರಡು ಬಿಡಿಗಳು ಏಳನ್ನು ಕೊಡಲು ಸಾಲದು, ಆದರೆ 52ರಲ್ಲಿ ಬೇಕಾದಷ್ಟು ಇದೆ, ಅದನ್ನು ಎಲ್ಲಿಂದ ತರೋಣ?" ಎಂದು ಕೇಳಿದರೆ ಮಗುವಿನ ಕಣ್ಣು ಇಡೀ ಸಂಖ್ಯೆಯ ಕಡೆಗೆ ಹೊರಳುತ್ತದೆ.

"ಸಾಲ" ಎಂಬ ಪದವೂ ನನಗೆ ಒಪ್ಪಿಗೆಯಿಲ್ಲ. ಒಬ್ಬ ಹುಡುಗ ನನ್ನನ್ನು "ಸಾರ್, ಇದನ್ನು ವಾಪಸ್ಸು ಯಾವಾಗ ಕೊಡುವುದು?" ಎಂದು ಕೇಳಿದ್ದ, ತರಗತಿ ನಕ್ಕಿತು, ನಾನೂ ನಕ್ಕೆ, ಆದರೆ ಮನೆಗೆ ಹೋಗುವ ದಾರಿಯಲ್ಲಿ ಅವನ ಪ್ರಶ್ನೆಯೇ ಸರಿ ಎನ್ನಿಸಿತು. ಇಲ್ಲಿ ಯಾರೂ ಯಾರಿಗೂ ಸಾಲ ಕೊಡುತ್ತಿಲ್ಲ. ಒಂದೇ ಸಂಖ್ಯೆಯೊಳಗೆ ಒಂದು ಹತ್ತಿನ ಕಟ್ಟನ್ನು ಬಿಚ್ಚಿ ಹತ್ತು ಬಿಡಿಗಳನ್ನಾಗಿ ಮಾಡುತ್ತಿದ್ದೇವೆ. ಅಂದಿನಿಂದ ನಾನು "ಹತ್ತನ್ನು ಬಿಚ್ಚು" ಎಂದೇ ಹೇಳುತ್ತಿದ್ದೆ.


ಉತ್ತರ: ಬಿಡಿ ಹತ್ತು ನೂರು

ಮೇಷ್ಟ್ರು ಹೇಳಿದ "ಬಿಚ್ಚು" ಎಂಬ ಮಾತು ಅರ್ಥವಾಗಬೇಕಾದರೆ ಬಿಚ್ಚಲು ಏನಾದರೂ ಕೈಯಲ್ಲಿರಬೇಕು. ಕಡ್ಡಿ ಕಟ್ಟುಗಳಿಗೆ ಹಿಂದಿರುಗಿ ಎಂಬುದೇ ನನ್ನ ಸಲಹೆ, ಆದರೆ ಒಂದು ಎಚ್ಚರಿಕೆಯೊಂದಿಗೆ.

ಹಂಗೇರಿ ಮೂಲದ ಗಣಿತಜ್ಞ ಜೋಲ್ಟನ್ ಡೀನ್ಸ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಬಿಡಿ, ಹತ್ತು, ನೂರರ ಮರದ ತುಂಡುಗಳು ಪ್ರಪಂಚದಾದ್ಯಂತ ಶಾಲೆಗಳಲ್ಲಿವೆ. ಅವು ಚೆನ್ನಾಗಿವೆ, ಆದರೆ ಕಳೆಯುವುದನ್ನು ಮೊದಲ ಸಲ ಕಲಿಸುವಾಗ ರಬ್ಬರ್‌ಬ್ಯಾಂಡ್ ಹಾಕಿದ ಕಡ್ಡಿ ಕಟ್ಟೇ ಮೇಲು ಎಂಬುದು ನನ್ನ ಅಭಿಪ್ರಾಯ. ಮರದ ಹತ್ತಿನ ತುಂಡನ್ನು ಮುರಿಯಲು ಬರುವುದಿಲ್ಲ. ಅದನ್ನು ಕೊಟ್ಟು ಹತ್ತು ಬಿಡಿಗಳನ್ನು ಬದಲಿಗೆ ಪಡೆಯಬೇಕು, ಮತ್ತು ಆ ಬದಲಾವಣೆಯಲ್ಲಿ ಕೆಲವು ಮಕ್ಕಳು "ಒಂದು ಹೋಯಿತು, ಹತ್ತು ಬಂತು, ಆದ್ದರಿಂದ ಈಗ ಹೆಚ್ಚಾಯಿತು" ಎಂದುಕೊಳ್ಳುತ್ತಾರೆ. ಕಟ್ಟನ್ನು ಬಿಚ್ಚಿದಾಗ ಅದೇ ಕಡ್ಡಿಗಳು ಕಣ್ಣೆದುರಿಗೇ ಹರಡಿಕೊಳ್ಳುತ್ತವೆ. ಏನೂ ಬಂದಿಲ್ಲ, ಏನೂ ಹೋಗಿಲ್ಲ.

ಎಚ್ಚರಿಕೆ ಏನೆಂದರೆ, ಕಡ್ಡಿಯ ಪಾಠ ಬೇರೆ, ಸ್ಲೇಟಿನ ಪಾಠ ಬೇರೆ ಆಗಿಬಿಟ್ಟರೆ ಎರಡೂ ವ್ಯರ್ಥ. ಮೊದಲ ವರ್ಷ ನಾನು ಹಾಗೆಯೇ ಮಾಡಿದೆ: ಸೋಮವಾರ ಕಡ್ಡಿ, ಮಂಗಳವಾರ ಕಡ್ಡಿ, ಬುಧವಾರದಿಂದ ಪುಸ್ತಕ. ಮಕ್ಕಳು ಕಡ್ಡಿಯಲ್ಲಿ 25 ಎಂದು ತೋರಿಸಿದರು, ಪುಸ್ತಕದಲ್ಲಿ 35 ಎಂದು ಬರೆದರು, ಮತ್ತು ಎರಡೂ ಒಂದೇ ಲೆಕ್ಕ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಈಗ ಇಬ್ಬರಿಬ್ಬರನ್ನು ಜೊತೆಯಾಗಿ ಕೂರಿಸುತ್ತೇನೆ. ಒಬ್ಬರು ಕಡ್ಡಿ ಹಿಡಿಯುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ. ಕಡ್ಡಿಯ ಮಗು ರಬ್ಬರ್‌ಬ್ಯಾಂಡನ್ನು ತೆಗೆದ ಕ್ಷಣದಲ್ಲೇ ಬರೆಯುವ ಮಗು 5ನ್ನು ಹೊಡೆದು 4 ಮಾಡಬೇಕು. ಕಡ್ಡಿಗಳು ಬಿಡಿಗಳ ಗುಂಪಿಗೆ ಸೇರಿದಾಗ 2ನ್ನು 12 ಮಾಡಬೇಕು. ಕಡ್ಡಿ ಚಲಿಸದೆ ಪೆನ್ಸಿಲ್ ಚಲಿಸುವಂತಿಲ್ಲ, ಪೆನ್ಸಿಲ್ ಚಲಿಸದೆ ಕಡ್ಡಿ ಚಲಿಸುವಂತಿಲ್ಲ. ಕೈಯಿಂದ ಮಾಡುವುದು, ಚಿತ್ರದಲ್ಲಿ ಕಾಣುವುದು, ಸಂಕೇತದಲ್ಲಿ ಬರೆಯುವುದು ಎಂದು ಮನೋವಿಜ್ಞಾನಿ ಜೆರೋಮ್ ಬ್ರೂನರ್ ಕಲಿಕೆಯ ಮೂರು ಬಗೆಗಳನ್ನು ಹೇಳಿದ್ದಾರೆ. ಅವನ್ನು ಮೂರು ಬೇರೆ ಬೇರೆ ವಾರಗಳೆಂದು ನಾವು ಓದಿಕೊಂಡದ್ದೇ ಹಲವು ತೊಂದರೆಗಳಿಗೆ ಮೂಲ.

ಇನ್ನೊಂದು ಮಾತು. ಕಳೆಯುವುದಕ್ಕೆ ಮುಂಚೆ ನಾಲ್ಕೈದು ದಿನ ಏನನ್ನೂ ಕಳೆಯದೆ, "52ನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು?" ಎಂದು ಮಾತ್ರ ಕೇಳಿ. ಐದು ಕಟ್ಟು, ಎರಡು ಬಿಡಿ; ನಾಲ್ಕು ಕಟ್ಟು, ಹನ್ನೆರಡು ಬಿಡಿ; ಮೂರು ಕಟ್ಟು, ಇಪ್ಪತ್ತೆರಡು ಬಿಡಿ. ನಾಲ್ಕು ಕಟ್ಟು ಮತ್ತು ಹನ್ನೆರಡು ಬಿಡಿಗಳನ್ನು ನೋಡಿ, ಎಣಿಸದೆ, "ಇದೂ 52ಯೇ" ಎಂದು ಮಗು ಹೇಳುವವರೆಗೆ ಕಳೆಯುವ ಕ್ರಮಕ್ಕೆ ಹೋಗಬೇಡಿ. ಒಂದೊಂದೇ ಕಡ್ಡಿ ಎಣಿಸಲು ತೊಡಗುವ ಮಗುವಿಗೆ ಕಟ್ಟು ಇನ್ನೂ ಒಂದು ಘಟಕವಾಗಿಲ್ಲ, ಹತ್ತು ಕಡ್ಡಿಗಳ ರಾಶಿಯಾಗಿಯೇ ಉಳಿದಿದೆ.


ಉತ್ತರ: ಎರಡು ಮಕ್ಕಳ ತಂದೆ

ನಾನು ಶಿಕ್ಷಕನಲ್ಲ, ಆದರೆ ಈ ಲೆಕ್ಕವನ್ನು ಮನೆಯಲ್ಲಿ ಹೇಳಿಕೊಡಲು ಹೋಗಿ ಮಗಳಿಂದ "ನಮ್ಮ ಮಿಸ್ ಹೀಗೆ ಹೇಳಿಕೊಟ್ಟಿಲ್ಲ" ಎಂದು ಬೈಸಿಕೊಂಡಿದ್ದೇನೆ. ನಾವು ಕಲಿತದ್ದು ಬೇರೆ ಕ್ರಮ: ಮೇಲಿನ ಬಿಡಿಗೆ ಹತ್ತು ಸೇರಿಸಿ, ಕೆಳಗಿನ ಹತ್ತರ ಅಂಕಿಗೆ ಒಂದು ಸೇರಿಸುವುದು. 52 − 27ರಲ್ಲಿ ಹನ್ನೆರಡರಲ್ಲಿ ಏಳು ಹೋದರೆ ಐದು. ಕೆಳಗಿನ ಎರಡು ಮೂರಾಯಿತು, ಐದರಲ್ಲಿ ಮೂರು ಹೋದರೆ ಎರಡು. ಮೇಲಿನ ಸಂಖ್ಯೆಯನ್ನು ಎಲ್ಲಿಯೂ ಹೊಡೆದು ಹಾಕಬೇಕಾಗಿಲ್ಲ. ನೀವು ಹೆದರುತ್ತಿರುವ 503 − 278ರಲ್ಲಿ ಸೊನ್ನೆಯ ತಕರಾರೇ ಏಳುವುದಿಲ್ಲ: ಹದಿಮೂರರಲ್ಲಿ ಎಂಟು ಹೋದರೆ ಐದು, ಏಳು ಎಂಟಾಯಿತು, ಹತ್ತರಲ್ಲಿ ಎಂಟು ಹೋದರೆ ಎರಡು, ಎರಡು ಮೂರಾಯಿತು, ಐದರಲ್ಲಿ ಮೂರು ಹೋದರೆ ಎರಡು, 225. ಇಷ್ಟು ಸುಲಭವಾದದ್ದನ್ನು ಬಿಟ್ಟು ಕಷ್ಟದ್ದನ್ನು ಏಕೆ ಕಲಿಸುತ್ತಾರೆ ಎಂಬುದು ನನಗೆ ಇಂದಿಗೂ ತಿಳಿದಿಲ್ಲ.


ಉತ್ತರ: ಕರಿಹಲಗೆ

ತಂದೆಯವರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನೀವು ಹೇಳಿದ ಕ್ರಮ ಸಂಪೂರ್ಣವಾಗಿ ಸರಿಯಾದದ್ದು. ಎರಡೂ ಸಂಖ್ಯೆಗಳಿಗೆ ಹತ್ತನ್ನು ಸೇರಿಸಿದರೆ ವ್ಯತ್ಯಾಸ ಬದಲಾಗುವುದಿಲ್ಲ ಎಂಬ ತತ್ತ್ವದ ಮೇಲೆ ಅದು ನಿಂತಿದೆ. ಇವೆರಡರಲ್ಲಿ ಯಾವುದು ಮೇಲು ಎಂಬ ವಾದ ಬಹಳ ಹಳೆಯದು. ಅಮೆರಿಕದ ವಿಲಿಯಂ ಬ್ರೌನೆಲ್ ಮತ್ತು ಹೆರಾಲ್ಡ್ ಮೋಸರ್ 1949ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರನೇ ತರಗತಿಯ ಮಕ್ಕಳಿಗೆ ಎರಡೂ ಕ್ರಮಗಳನ್ನು, ಕಾರಣ ತಿಳಿಸಿ ಮತ್ತು ಕಾರಣ ತಿಳಿಸದೆ, ಎರಡೂ ಬಗೆಯಲ್ಲಿ ಕಲಿಸಿ ನೋಡಿದರು. ಕಾರಣ ತಿಳಿಸಿ ಕಲಿಸಿದಾಗ ಹತ್ತನ್ನು ಬಿಚ್ಚುವ ಕ್ರಮ ಮುಂದೆ ಬಂತು. ಮೇಲಿನ ಹತ್ತು ಎಲ್ಲಿಂದ ಬಂತು, ಕೆಳಗಿನ ಒಂದು ಏಕೆ ಸೇರಿತು ಎಂಬುದನ್ನು ಎಂಟು ವರ್ಷದ ಮಗುವಿಗೆ ಕಡ್ಡಿ ಹಿಡಿದು ತೋರಿಸುವುದು ಸುಲಭವಲ್ಲ; ನಿಮ್ಮ ಮಗಳನ್ನೇ ಕೇಳಿ ನೋಡಿ, ನಿಮ್ಮನ್ನೂ ನೀವೇ ಕೇಳಿಕೊಳ್ಳಿ.

ಆದರೆ ಆ ತತ್ತ್ವವನ್ನು ನಾನು ಬಿಟ್ಟುಕೊಡುವುದಿಲ್ಲ. ಎರಡಕ್ಕೂ ಮೂರು ಸೇರಿಸಿದರೆ 52 − 27 ಎಂಬುದು 55 − 30 ಆಗುತ್ತದೆ, ಬಾಯಲ್ಲೇ ಹೇಳಬಹುದು. 1000 − 367 ಕೊಟ್ಟು ಮೂರು ಸೊನ್ನೆಗಳ ಮೇಲೆ ಮಕ್ಕಳನ್ನು ಒದ್ದಾಡಿಸುವ ಬದಲು, ಎರಡರಿಂದಲೂ ಒಂದೊಂದು ತೆಗೆದು 999 − 366 ಮಾಡಿಸಿ; ಯಾವ ಸ್ಥಾನದಲ್ಲಿಯೂ ಬಿಚ್ಚುವ ಗೊಡವೆ ಬರುವುದಿಲ್ಲ.

ನನ್ನ ನಿಜವಾದ ಭಿನ್ನಾಭಿಪ್ರಾಯ ಬೇರೆಯದು. ಎರಡಂಕಿಯ ಲೆಕ್ಕವನ್ನು ಒಂದರ ಕೆಳಗೊಂದು ಬರೆಸುವುದೇ ಅವಸರದ ಕೆಲಸ ಎನ್ನುತ್ತೇನೆ. ಸಂಖ್ಯೆಯನ್ನು ಕಂಬಸಾಲಿನಲ್ಲಿ ನಿಲ್ಲಿಸಿದ ಕೂಡಲೇ 52 ಎಂಬುದು ಮಾಯವಾಗಿ 5 ಮತ್ತು 2 ಎಂಬ ಎರಡು ಪ್ರತ್ಯೇಕ ಅಂಕಿಗಳು ಉಳಿಯುತ್ತವೆ. ನಮ್ಮ ಭಾಷೆ ಈ ವಿಷಯದಲ್ಲಿ ಮಕ್ಕಳಿಗೆ ಎಷ್ಟು ನೆರವಾಗುತ್ತದೆ ಎಂಬುದನ್ನು ನಾವು ಗಮನಿಸುವುದಿಲ್ಲ. ಐವತ್ತು ಎಂದರೆ ಐದು ಹತ್ತು. ಅರವತ್ತು, ಎಪ್ಪತ್ತು, ಎಂಬತ್ತು ಎಲ್ಲದರ ಬಾಲದಲ್ಲಿಯೂ ಹಳಗನ್ನಡದ "ಪತ್ತು" ಕುಳಿತಿದೆ. ತೊಂಬತ್ತು ಮಾತ್ರ ಸ್ವಲ್ಪ ವಕ್ರ. ಐವತ್ತೆರಡು ಎನ್ನುವಾಗ ನಾವು ಹತ್ತುಗಳನ್ನು ಮೊದಲು ಹೇಳಿ ಬಿಡಿಗಳನ್ನು ನಂತರ ಹೇಳುತ್ತೇವೆ, ಬರೆಯುವ ಕ್ರಮವೂ ಅದೇ. ಜರ್ಮನ್ ಮಕ್ಕಳು "ಎರಡು ಮತ್ತು ಐವತ್ತು" ಎಂದು ಹೇಳಿ 52 ಎಂದು ಬರೆಯಬೇಕು. ಹಿಂದಿಯಲ್ಲಿ ನೂರರವರೆಗಿನ ಹೆಸರುಗಳನ್ನು ಹೆಚ್ಚುಕಡಿಮೆ ಒಂದೊಂದಾಗಿಯೇ ಕಲಿಯಬೇಕು. ನಮಗೆ ಸಿಕ್ಕಿರುವ ಈ ಅನುಕೂಲವನ್ನು ಬಳಸಿಕೊಂಡು ಬಾಯಿಲೆಕ್ಕದಿಂದ ಆರಂಭಿಸಬಾರದೇಕೆ? ಐವತ್ತೆರಡರಲ್ಲಿ ಇಪ್ಪತ್ತು ಹೋದರೆ ಮೂವತ್ತೆರಡು. ಅದರಲ್ಲಿ ಎರಡು ಹೋದರೆ ಮೂವತ್ತು. ಇನ್ನೂ ಐದು ಹೋದರೆ ಇಪ್ಪತ್ತೈದು. ಇಲ್ಲವೇ ಇಪ್ಪತ್ತೇಳರಿಂದ ಮೇಲೆ ಹತ್ತಬಹುದು: ಮೂವತ್ತಕ್ಕೆ ಮೂರು, ಐವತ್ತಕ್ಕೆ ಇಪ್ಪತ್ತು, ಐವತ್ತೆರಡಕ್ಕೆ ಎರಡು, ಒಟ್ಟು ಇಪ್ಪತ್ತೈದು. ಹೀಗೆ ಬಾಯಲ್ಲಿ ಹೇಳಬಲ್ಲ ಮಗು ಕಂಬಸಾಲಿನಲ್ಲಿ 35 ಬಂದಾಗ ಏನೋ ಎಡವಟ್ಟಾಗಿದೆ ಎಂದು ತಾನೇ ಅನುಮಾನಿಸುತ್ತದೆ. ಆ ಅನುಮಾನವಿಲ್ಲದ ಮಗುವಿಗೆ ಯಾವ ಕ್ರಮವನ್ನು ಕಲಿಸಿದರೂ ಒಂದೇ.


ಉತ್ತರ: ತಪ್ಪುಗಳ ಸಂಗ್ರಹಕಾರ

ಮೇಲಿನ ಉತ್ತರಗಳೆಲ್ಲವೂ ಉಪಯುಕ್ತ, ಆದರೆ ಎಲ್ಲರೂ ಒಂದು ಸಂಗತಿಯನ್ನು ಪರೀಕ್ಷಿಸದೆ ಒಪ್ಪಿಕೊಂಡಿದ್ದಾರೆ: ಆ ಹನ್ನೊಂದು ಮಕ್ಕಳೂ ಒಂದೇ ತಪ್ಪನ್ನು ಮಾಡಿದ್ದಾರೆ ಎಂಬುದನ್ನು. ದಯವಿಟ್ಟು 52 − 27ನ್ನು ಮತ್ತೊಮ್ಮೆ ನೋಡಿ.

ಮೊದಲ ಮಗು ಮೇಷ್ಟ್ರು ವಿವರಿಸಿದಂತೆ 7ರಲ್ಲಿ 2 ಕಳೆದು 5 ಬರೆಯಿತು, 5ರಲ್ಲಿ 2 ಕಳೆದು 3 ಬರೆಯಿತು, ಉತ್ತರ 35. ಎರಡನೆಯ ಮಗು ನೀವು ಕಲಿಸಿದ ಕ್ರಮವನ್ನೇ ಹಿಡಿಯಿತು; 2ನ್ನು 12 ಮಾಡಿತು, 12ರಲ್ಲಿ 7 ಕಳೆದು 5 ಬರೆಯಿತು, ಆದರೆ ಪಕ್ಕದ 5ನ್ನು 4 ಮಾಡಲು ಮರೆತು 5ರಲ್ಲಿ 2 ಕಳೆದು 3 ಬರೆಯಿತು. ಉತ್ತರ ಮತ್ತೆ 35. ಮೊದಲನೆಯ ಮಗುವಿಗೆ ಬಿಚ್ಚಬೇಕು ಎಂಬುದೇ ಗೊತ್ತಿಲ್ಲ. ಎರಡನೆಯದಕ್ಕೆ ಗೊತ್ತಿದೆ, ಒಂದು ಹೆಜ್ಜೆ ಮಾತ್ರ ತಪ್ಪಿದೆ. ಇಬ್ಬರಿಗೂ ಬೇಕಾದ ಪಾಠ ಬೇರೆ ಬೇರೆ, ಆದರೆ ನಿಮ್ಮ ಪ್ರಶ್ನೆಪತ್ರಿಕೆ ಇಬ್ಬರನ್ನೂ ಒಂದೇ ಎಂದು ತೋರಿಸುತ್ತಿದೆ. ಇದು ಕಾಕತಾಳೀಯ: ಬಿಡಿ ಅಂಕಿಗಳಾದ 7 ಮತ್ತು 2ರ ವ್ಯತ್ಯಾಸ 5, ಮತ್ತು ಹತ್ತರಲ್ಲಿ ಐದು ಹೋದರೂ ಐದೇ. ಬಿಡಿ ಅಂಕಿಗಳ ವ್ಯತ್ಯಾಸ ಐದಾಗಿರುವ ಯಾವ ಲೆಕ್ಕವನ್ನು ಕೊಟ್ಟರೂ ಹೀಗೆಯೇ ಆಗುತ್ತದೆ.

53 − 27 ಕೊಟ್ಟು ನೋಡಿ. ಸರಿಯುತ್ತರ 26. ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುವ ಮಗು 34 ಬರೆಯುತ್ತದೆ. ಬಿಚ್ಚಿಯೂ ಹತ್ತನ್ನು ಕಡಿಮೆ ಮಾಡದ ಮಗು 36 ಬರೆಯುತ್ತದೆ. ಒಂದೇ ಲೆಕ್ಕದಿಂದ ತೀರ್ಮಾನಕ್ಕೆ ಬರುವುದು ಬೇಡ, ಜೊತೆಗೆ 61 − 28 ಕೊಡಿ: ಸರಿಯಾದದ್ದು 33, ಮೊದಲನೆಯ ಬಗೆಯವರು 47, ಎರಡನೆಯ ಬಗೆಯವರು 43. ಇಂತಹ ನಾಲ್ಕು ಲೆಕ್ಕಗಳು ಸಾಕು. ಇಪ್ಪತ್ತು ಲೆಕ್ಕಗಳ ಅಭ್ಯಾಸ ಪತ್ರಿಕೆಯನ್ನು ತಪ್ಪು ನಿಯಮವನ್ನು ಹಿಡಿದ ಮಗುವಿಗೆ ಕೊಟ್ಟರೆ ಅದು ಆ ತಪ್ಪು ನಿಯಮವನ್ನೇ ಇಪ್ಪತ್ತು ಸಲ ಅಭ್ಯಾಸ ಮಾಡಿ ಗಟ್ಟಿ ಮಾಡಿಕೊಳ್ಳುತ್ತದೆ.

ಮಕ್ಕಳ ತಪ್ಪುಗಳಿಗೆ ಇಂತಹ ಒಳನಿಯಮ ಇರುತ್ತದೆ ಎಂಬುದು ನನ್ನ ಊಹೆಯಲ್ಲ. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು ಕಳೆಯುವ ಲೆಕ್ಕಗಳಲ್ಲಿ ಮಕ್ಕಳು ಮಾಡುವ ತಪ್ಪುಗಳನ್ನು ಕಂಪ್ಯೂಟರ್ ನೆರವಿನಿಂದ ಬಿಡಿಸಿ ನೋಡಿ, ಬಹಳಷ್ಟು ಮಕ್ಕಳು ಮನಬಂದಂತೆ ತಪ್ಪುವುದಿಲ್ಲ, ತಮ್ಮದೇ ಒಂದು ದೋಷವುಳ್ಳ ವಿಧಾನವನ್ನು ನಿಷ್ಠೆಯಿಂದ ಅನುಸರಿಸುತ್ತಾರೆ ಎಂದು ತೋರಿಸಿದರು. ಶಿಕ್ಷಕರಾಗುವವರು ಆ ದೋಷವನ್ನು ಪತ್ತೆ ಹಚ್ಚುವ ಅಭ್ಯಾಸ ಮಾಡಲಿ ಎಂದು "ಬಗ್ಗಿ" ಎಂಬ ಆಟದಂತಹ ಪ್ರೋಗ್ರಾಂ ಒಂದನ್ನೂ ರೂಪಿಸಿದ್ದರು.

ನೀವು ಹೆಸರಿಸಿದ 503 − 278 ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಸರಿಯುತ್ತರ 225. ಮಗು 375 ಬರೆದಿದ್ದರೆ ಪ್ರತಿ ಸ್ಥಾನದಲ್ಲಿಯೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. 335 ಬರೆದಿದ್ದರೆ ಬೇಕಾದಲ್ಲೆಲ್ಲಾ ಹತ್ತು ಸೇರಿಸಿಕೊಂಡಿದೆ, ಎಲ್ಲಿಯೂ ಕಡಿಮೆ ಮಾಡಿಲ್ಲ. 325 ಎಂದಿದ್ದರೆ ಸೊನ್ನೆಯನ್ನು 9 ಮಾಡಿದೆ, ಆದರೆ ನೂರರ ಸ್ಥಾನದ 5ನ್ನು ಹಾಗೆಯೇ ಬಿಟ್ಟಿದೆ. 135 ಎಂದಿದ್ದರೆ ಸೊನ್ನೆಯನ್ನು ದಾಟಿ ನೂರರಿಂದ ನೇರವಾಗಿ ಬಿಡಿಗೆ ತಂದಿದೆ, ಮತ್ತೆ ಹತ್ತರ ಸ್ಥಾನಕ್ಕಾಗಿ ಇನ್ನೊಮ್ಮೆ ನೂರರ ಬಳಿ ಹೋಗಿದೆ. 275 ಅಥವಾ 205 ಬಂದಿದ್ದರೆ ಬಿಡಿಯ ಸ್ಥಾನಕ್ಕಾಗಿ ನೂರನ್ನು ಬಿಚ್ಚಿಯೂ, ಸೊನ್ನೆಯಲ್ಲಿ ಏಳು ಕಳೆಯಬೇಕಾದಲ್ಲಿ 7 ಅಥವಾ 0 ಎಂದು ಬರೆದು ಮುಂದೆ ಹೋಗಿದೆ. ಆರು ತಪ್ಪು ಉತ್ತರಗಳು, ಆರು ಬೇರೆ ಬೇರೆ ಮನಸ್ಸುಗಳು. ಕೆಂಪು ಶಾಯಿಯ ಗುಣಿಸು ಗುರುತು ಮಾತ್ರ ಎಲ್ಲದಕ್ಕೂ ಒಂದೇ.

ಉತ್ತರಪತ್ರಿಕೆಯನ್ನು ನೋಡಿದ ಮೇಲೂ ಅನುಮಾನ ಉಳಿದರೆ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು, ಸರಿ ತಪ್ಪು ಏನನ್ನೂ ಹೇಳದೆ, "ಇದನ್ನು ನನಗೆ ಮಾಡಿ ತೋರಿಸು, ಮಾಡುತ್ತಾ ಗಟ್ಟಿಯಾಗಿ ಹೇಳು" ಎಂದು ಕೇಳಿ. ಮಧ್ಯೆ ಬಾಯಿ ಹಾಕದಿರುವುದು ಶಿಕ್ಷಕರಿಗೆ ಬಹಳ ಕಷ್ಟ, ನನಗಂತೂ ಇಂದಿಗೂ ಕಷ್ಟ.


ಪ್ರತಿಕ್ರಿಯೆ: ಮೂರನೇ ತರಗತಿ ಶಿಕ್ಷಕಿ

ಎಲ್ಲರಿಗೂ ಧನ್ಯವಾದಗಳು. ಸಂಗ್ರಹಕಾರರು ಸೂಚಿಸಿದಂತೆ 53 − 27, 61 − 28 ಮತ್ತು ಅದೇ ಬಗೆಯ ಇನ್ನೆರಡು ಲೆಕ್ಕಗಳನ್ನು ಆ ಹನ್ನೊಂದು ಮಕ್ಕಳಿಗೆ ಕೊಟ್ಟೆ. ಏಳು ಮಕ್ಕಳು 34 ಮತ್ತು 47 ಬರೆದರು. ಮೂವರು 36 ಮತ್ತು 43 ಬರೆದರು. ಒಬ್ಬಳು ಎಲ್ಲವನ್ನೂ ಸರಿಯಾಗಿ ಮಾಡಿದಳು; ಅಂದು ಏಕೆ ತಪ್ಪಿದ್ದಳೋ ತಿಳಿಯದು. ನಾನು ಮೊದಲು ಬರೆದ, ಮಗ್ಗಿಯಲ್ಲಿ ಚುರುಕಾದ ಮೂವರು ಮಕ್ಕಳೇ ಆ 36 ಬರೆದವರು. ಅವರಿಗೆ ನಾನು ಇಷ್ಟು ದಿನ "ಎರಡರಲ್ಲಿ ಏಳು ಹೋಗುವುದಿಲ್ಲ" ಎಂದು ಮತ್ತೆ ಮತ್ತೆ ಹೇಳುತ್ತಿದ್ದೆ, ಅದು ಅವರಿಗೆ ಆಗಲೇ ಗೊತ್ತಿತ್ತು.

ಅವರಲ್ಲಿ ಒಬ್ಬನನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಅವನು 3ರ ಪಕ್ಕದಲ್ಲಿ ಪುಟ್ಟದಾಗಿ 1 ಬರೆದ, 6 ಎಂದ, ನಂತರ ಹೊಡೆದು ಹಾಕದ 5ನ್ನು ನೋಡಿ 3 ಎಂದ. "ಐದನ್ನು ಹೊಡೆಯುವುದಿಲ್ಲವೇ?" ಎಂದು ಕೇಳಬಾರದೆಂದಿದ್ದರೂ ಕೇಳಿಬಿಟ್ಟೆ. ಅವನು ಪುಸ್ತಕದ ಹಿಂದಿನ ಪುಟವನ್ನು ತಿರುಗಿಸಿ ನನ್ನದೇ ಕೈಬರಹವನ್ನು ತೋರಿಸಿದ: "ಗೀಚಬಾರದು, ಪುಸ್ತಕ ಅಂದವಾಗಿರಬೇಕು." ಹೊಡೆದು ಹಾಕಿದ ಅಂಕಿಗಳಿಗಾಗಿ ಅವನ ಒಂದು ಅಂಕವನ್ನೂ ನಾನು ಕಳೆದಿದ್ದೆ. ಅಂದಿನಿಂದ ಅವನು ಹೊಡೆಯುವ ಕೆಲಸವನ್ನು ಮನಸ್ಸಿನಲ್ಲೇ ಮಾಡುತ್ತಿದ್ದಾನೆ, ಮಾಡಿ ಮರೆಯುತ್ತಿದ್ದಾನೆ.


ಉತ್ತರ: ಕರಿಹಲಗೆ

ನೀವೊಬ್ಬರೇ ಅಲ್ಲ ಮೇಡಂ. ಹೊಡೆದು ಮೇಲೆ ಪುಟ್ಟ ಅಂಕಿ ಬರೆಯುವುದು ಊರುಗೋಲಿದ್ದಂತೆ, ಮಕ್ಕಳು ಅದಕ್ಕೆ ಅಂಟಿಕೊಳ್ಳುತ್ತಾರೆ ಎಂದು ಒಂದು ಕಾಲದಲ್ಲಿ ಶಿಕ್ಷಣತಜ್ಞರೇ ವಿರೋಧಿಸುತ್ತಿದ್ದರು. ಮೇಲೆ ಹೇಳಿದ ಬ್ರೌನೆಲ್ ಅವರೇ 1930ರ ದಶಕದ ಕೊನೆಯಲ್ಲಿ ಇದನ್ನು ಪರೀಕ್ಷಿಸಿ, ಗುರುತು ಹಾಕಿಕೊಳ್ಳುವುದರಿಂದ ಮಕ್ಕಳಿಗೆ ನೆರವಾಗುತ್ತದೆ ಎಂದು ಕಂಡುಕೊಂಡರು. ಹೊಡೆಯಲು ಬಿಡಿ. ಅಂಕಿಗಳ ಮೇಲೆ ಒಂದು ಸಾಲು ಖಾಲಿ ಬಿಟ್ಟು ಬರೆಯುವಂತೆ ಹೇಳಿದರೆ ಪುಸ್ತಕವೂ ಅಷ್ಟೇನೂ ಕೆಡುವುದಿಲ್ಲ.


ಉತ್ತರ: ಬಿಡಿ ಹತ್ತು ನೂರು

ಆ ಏಳು ಮಕ್ಕಳಿಗೆ ಮಾತ್ರ ಕಡ್ಡಿ ಕಟ್ಟು ಸಾಕು. ಉಳಿದ ಮೂವರ ಸಮಯವನ್ನು ಹಾಳು ಮಾಡಬೇಡಿ. ನಾನು ಮೊದಲು ಇಡೀ ತರಗತಿಗೆ ಎಂಬಂತೆ ಬರೆದಿದ್ದೆ, ಅದನ್ನು ಹಿಂತೆಗೆದುಕೊಳ್ಳುತ್ತೇನೆ.

ಮೂರಂಕಿಗೆ ಹೋಗುವ ಮುನ್ನ ತರಗತಿಗೆ ಒಂದು ಪ್ರಶ್ನೆ ಕೇಳಿ: "503ರಲ್ಲಿ ಎಷ್ಟು ಹತ್ತುಗಳಿವೆ?" ಹತ್ತರ ಸ್ಥಾನದಲ್ಲಿರುವ ಅಂಕಿ ಯಾವುದು ಎಂದು ಕೇಳಬೇಡಿ, ಅದು ಬೇರೆ ಪ್ರಶ್ನೆ. ಐವತ್ತು ಎಂದು ಕಾಣಬಲ್ಲ ಮಗುವಿಗೆ ಸೊನ್ನೆಯ ಗೋಜಲೇ ಇರುವುದಿಲ್ಲ: ಐವತ್ತು ಹತ್ತುಗಳಲ್ಲಿ ಒಂದನ್ನು ಬಿಚ್ಚಿದರೆ ನಲವತ್ತೊಂಬತ್ತು ಹತ್ತು ಮತ್ತು ಹದಿಮೂರು ಬಿಡಿ. 50ನ್ನು ಒಟ್ಟಾಗಿ ಹೊಡೆದು 49 ಎಂದು ಬರೆದರಾಯಿತು. 49ರಲ್ಲಿ 27 ಹೋದರೆ 22, 13ರಲ್ಲಿ 8 ಹೋದರೆ 5.


ಪ್ರತಿಕ್ರಿಯೆ: ಮೂರನೇ ತರಗತಿ ಶಿಕ್ಷಕಿ

ಇಂದು ಬೆಳಿಗ್ಗೆ ಕೇಳಿದೆ. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು "ಸೊನ್ನೆ" ಎಂದರು. ಮೊದಲಿಗೆ "ಐವತ್ತು" ಎಂದವಳು ಆ ಏಳು ಮಕ್ಕಳಲ್ಲಿ ಒಬ್ಬಳು, ಮೂರು ದಿನಗಳಿಂದ ಕಡ್ಡಿ ಕಟ್ಟುತ್ತಾ ಬಿಚ್ಚುತ್ತಾ ಕುಳಿತವಳು. ಉಳಿದವರು ಒಪ್ಪಲಿಲ್ಲ, ಹಲಗೆಯ ಮೇಲೆ ಸೊನ್ನೆ ಕಾಣುತ್ತಿದೆಯಲ್ಲ ಎಂದು ಜಗಳಕ್ಕೇ ನಿಂತರು. ನೂರರ ಐದು ದೊಡ್ಡ ಕಟ್ಟುಗಳನ್ನು ಮೇಜಿನ ಮೇಲೆ ಬಿಚ್ಚಿ, ಒಳಗಿನ ಹತ್ತರ ಕಟ್ಟುಗಳನ್ನು ಅವಳೇ ಎಣಿಸಿ ತೋರಿಸುವುದರೊಳಗೆ ಗಂಟೆ ಹೊಡೆಯಿತು. ಮೂವತ್ತೆರಡರವರೆಗೆ ಎಣಿಸಿದ್ದಳು. ನಾಳೆ ಮೂವತ್ತಮೂರರಿಂದ ಎಂದು ಹಲಗೆಯ ಮೂಲೆಯಲ್ಲಿ ಬರೆಸಿ, ಅಳಿಸದಂತೆ ಸುತ್ತಲೂ ಗೆರೆ ಎಳೆಸಿದ್ದಾಳೆ.